ನಮ್ಮವರ ಗುರುತು ಕೇಳದ ವೇಣುಗೋಪಾಲ

ಶಂಕರಪುರಂನ ವೇಣುಗೋಪಾಲ ಒಬ್ಬ ಹುಡುಗನ ಬಗ್ಗೆ ವಿಚಾರಿಸಲು ಹೊರಟನೆಂದರೆ ಆ ಹುಡುಗನ ಬೀದಿಯಲ್ಲಿ ಯಾರಿಗೂ ನೆಮ್ಮದಿ ಇರುತ್ತಿರಲಿಲ್ಲ. ಮೊದಲು ಇಸ್ತ್ರಿ ಅಂಗಡಿ. ತನ್ನದೊಂದು ಅಂಗಿ ಅಲ್ಲಿ ಕೊಟ್ಟು, ಅದು ಆಗುವಷ್ಟರಲ್ಲಿ ಎದುರು ಮನೆಯ ಹುಡುಗ ಎಷ್ಟು ಹೊತ್ತಿಗೆ ಬರುತ್ತಾನೆ, ಬರುವಾಗ ನೆಟ್ಟಗೆ ನಡೆಯುತ್ತಾನೋ ಇಲ್ಲವೋ ಎಂದು ಕೇಳುವುದು. ಆಮೇಲೆ ಹಾಲಿನ ಬೂತು, ಹೂವಿನವಳು. ಕೊನೆಗೆ ಬಾಡಿಗೆ ಮನೆ ಹುಡುಕುವವನ ಹಾಗೆ ಪಕ್ಕದ ಮನೆಯ ಗೇಟು ತಟ್ಟುವುದು. ಮಗಳು ತೇಜಶ್ರೀಗೆ ರಾಜಾಜಿನಗರದಿಂದ ಬಂದ ಒಳ್ಳೆಯ ಸಂಬಂಧವೊಂದು ಹೀಗೇ ಬಿದ್ದುಹೋಯಿತು. ಹುಡುಗನ ತಾಯಿ ಕೊತ್ತಂಬರಿ ಸೊಪ್ಪಿಗೆ ಗಾಡಿಯವನ ಹತ್ತಿರ ಜಗಳ ಆಡುತ್ತಾಳಂತೆ. ವೇಣುಗೋಪಾಲನ ಹೆಂಡತಿ ಏನು ಕಡಿಮೆಯೇ? ಪುಕ್ಕಟೆ ಕರಿಬೇವು ಕೊಡದಿದ್ದರೆ ಗಾಡಿಯನ್ನು ಮುಂದಕ್ಕೆ ಬಿಡುವವಳಲ್ಲ. ಆದರೆ ಒಳ್ಳೆಯ ಹೆಂಗಸು, ಅವಳ ಕೈಯ ಹಿತಕಿದ ಬೇಳೆ ಸಾರು ಉಂಡವರು ಬೇರೆ ಕಡೆ ಊಟಕ್ಕೆ ಕೂರುವುದಿಲ್ಲ. ಇರಲಿ, ಸಾರಿನ ಮಾತಿಗೆ ಹೋದರೆ ಇವನ ಮಾತು ಹಿಂದುಳಿಯುತ್ತದೆ.

ಇವನು ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದವನು. ಅಲ್ಲಿ ಮಾಡಿದ ಕೆಲಸ ಹೆಚ್ಚೇನಿಲ್ಲ, ಸಂಬಳದ ಚೀಟಿ ಅಚ್ಚು ಹಾಕುವ ಯಂತ್ರಕ್ಕೆ ಕಾಗದ ತುಂಬುವುದು, ಸಿಕ್ಕಿಕೊಂಡರೆ ಎಳೆಯುವುದು. ಆದರೆ ಮನೆಗೆ ಬಂದು ಹೇಳುತ್ತಿದ್ದುದನ್ನು ಕೇಳಿದರೆ ಆ ಕಾರ್ಖಾನೆ ಇವನ ಬೆರಳ ತುದಿಯಲ್ಲಿ ನಿಂತಿದೆ ಅನ್ನಿಸಬೇಕು. ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಚಾಮರಾಜಪೇಟೆಯಲ್ಲಿ ಒಂದು ಟ್ಯೂಷನ್ ಸೆಂಟರಿನ ಮೇಲಿನ ರೂಮು ಹಿಡಿದ. ಮೇಜು, ತಿರುಗುವ ಕುರ್ಚಿ, ತಂದೆಯ ಫೋಟೊ, ಅದರ ಕೆಳಗೆ ಒಂದು ಕಪ್ಪು ಪೆಟ್ಟಿಗೆ. ಆ ಪೆಟ್ಟಿಗೆಯೇ ಸರ್ವರ್. ಅದಕ್ಕೆ ಆಯುಧಪೂಜೆಯಲ್ಲಿ ಇಟ್ಟ ಕುಂಕುಮ ಯುಗಾದಿವರೆಗೂ ಹಾಗೇ ಇರುತ್ತಿತ್ತು.

ಜನಾಂಗದ ಸಂಘದವರು ಮಕ್ಕಳ ಮದುವೆ ಸಂಬಂಧ ನೋಡಲು ಒಂದು ವೆಬ್‌ಸೈಟ್ ಮಾಡಿಸಬೇಕೆಂದಾಗ ಇವನು ತಾನೇ ಮಾಡುತ್ತೇನೆಂದು ಎದ್ದು ನಿಂತ. ಯಾರನ್ನೂ ಏಳಲು ಬಿಡಲಿಲ್ಲ. ಲೆಕ್ಕ ಇಷ್ಟೇ: ಬೆಂಗಳೂರಿನ ಹೆಣ್ಣುಮಕ್ಕಳ ಫೋಟೊ, ಫೋನು, ಮನೆ ವಿಳಾಸ, ಕೆಲಸ ಇವನ ಸರ್ವರಿನಲ್ಲಿ. ಕುಣಿಗಲ್ ಶಾಖೆಯ ಹುಡುಗರ ವಿವರ ಅಲ್ಲಿನ ಅನಿಲ್ ಕುಮಾರನ ಸರ್ವರಿನಲ್ಲಿ. ಇವನದು ಅವನದಕ್ಕೆ ಕೇಳಿಕೆ ಕಳಿಸಬೇಕು, ಇಲ್ಲಿಯದು ಅಲ್ಲಿಗೆ ಹೋಗಬೇಕು, ಅಲ್ಲಿಯದು ಇಲ್ಲಿಗೆ ಬರಬೇಕು. ಭಾನುವಾರದ ವಧೂವರರ ಸಮಾವೇಶದಲ್ಲಿ ಇದು ಎಲ್ಲರ ಕಣ್ಣೆದುರು ನಡೆದುಬಿಟ್ಟರೆ ವೇಣುಗೋಪಾಲನೇ ಮದುವೆ ಸಮಿತಿಯ ಸಂಚಾಲಕ ಎಂದು ಸಂಘದ ಹಿರಿಯ ದೊಡ್ಡಬೈರಪ್ಪ ಬಾಯಿಬಿಟ್ಟು ಹೇಳಿದ್ದರು. ಅಂದಿನಿಂದ ಇವನ ನಡಿಗೆಯೇ ಬೇರೆಯಾಗಿತ್ತು. ಜುಬ್ಬಾ ಹೊಲಿಯಲು ಕೊಟ್ಟಿದ್ದ, ಕಾಲರ್ ನಿಂತೇ ಇರಬೇಕು ಎಂದು ಟೈಲರಿಗೆ ತಾಕೀತು ಬೇರೆ.

ಶನಿವಾರ ಬೆಳಿಗ್ಗೆ ಅಕ್ಕನ ಮಗಳು ಪ್ರತಿಭಾಳನ್ನು ಕರೆಸಿಕೊಂಡ. ಅವಳಿಗೆ ಇದೇ ಕಸುಬು, ದೊಡ್ಡ ಕಂಪನಿಯಲ್ಲಿ ಸರ್ವರ್ ಕೋಡ್ ಬರೆಯುವವಳು. ಕೋಡ್ ನೋಡಿ ಅವಳು ಮೆಚ್ಚಲಿ ಎಂದು ಕರೆದಿದ್ದನೇ ಹೊರತು ತಪ್ಪು ಹುಡುಕಲಿ ಎಂದಲ್ಲ. ತೇಜಶ್ರೀಯೂ ಜೊತೆಗೆ ಬಂದು ಕಿಟಕಿಯ ಪಕ್ಕ ಕೂತಿದ್ದಳು, ಅವಳು ಕೆಲಸ ಮಾಡುವ ಬ್ಯಾಂಕಿಗೆ ರಜೆ.

“ಮಾವ, ಈ ಸಾಲು ಯಾರು ಬರ್ದಿದ್ದು?” ಎಂದಳು ಪ್ರತಿಭಾ.

“ಯಾವುದು?”

“ಎದುರಿನೋರು ತೋರ್ಸೋ ಸರ್ಟಿಫಿಕೇಟ್ ನಿಜಾನೋ ಸುಳ್ಳೋ ನೋಡ್ಬೇಡ ಅಂತ ಹೇಳಿರೋದು.”

“ಅದಾ. ನಾನೇ. ಅದನ್ನ ಹಾಕಿದ್ಮೇಲೇ ಎರರ್ ನಿಂತಿದ್ದು.”

ಒಂದು ಸರ್ವರ್ ಇನ್ನೊಂದನ್ನು ಮಾತಾಡಿಸಿದಾಗ ಎದುರಿನದು ಮೊದಲು ತನ್ನ ಗುರುತಿನ ಸರ್ಟಿಫಿಕೇಟ್ ತೋರಿಸಬೇಕು. ಅದಕ್ಕೆ ಎಲ್ಲರೂ ಬಲ್ಲ ಮೂರನೆಯವರೊಬ್ಬರು ಸಹಿ ಹಾಕಿರಬೇಕು. ಅನಿಲ್ ಕುಮಾರ ತನ್ನ ಗುರುತಿಗೆ ತಾನೇ ಸಹಿ ಹಾಕಿಕೊಂಡಿದ್ದ. ವೇಣುಗೋಪಾಲನ ಸರ್ವರ್ ಮರ್ಯಾದಸ್ಥ ಪೆಟ್ಟಿಗೆ, ಇದನ್ನು ಒಪ್ಪುವುದಿಲ್ಲ ಎಂದು ಪ್ರತಿ ಸಲವೂ ಬಾಗಿಲು ಮುಚ್ಚಿತು. ಇವನು ಫೋನಿನಲ್ಲಿ ಹುಡುಕಿ, ಯಾರೋ ಬರೆದಿಟ್ಟಿದ್ದ ಒಂದು ಸಾಲನ್ನು ತಂದು ಅಂಟಿಸಿ ಅದರ ಬಾಯಿ ಮುಚ್ಚಿಸಿದ್ದ.

“ನಮ್ಮ ಅನಿಲ್ ಸರ್ವರ್ ಕಣಮ್ಮ ಅದು,” ಎಂದ. “ನಮ್ಮೋರ ಹತ್ರ ಗುರುತು ಕೇಳೋದಾ? ನೆಂಟ್ರು ಬಂದ್ರೆ ಗೇಟಲ್ಲಿ ನಿಲ್ಸಿ ಆಧಾರ್ ಕಾರ್ಡ್ ತೆಗೀರಿ ಅಂತೀವಾ?”

“ಬಂದಿರೋದು ನೆಂಟ್ರೇ ಅಂತ ನಿಮ್ಗೆ ಹೆಂಗ್ ಗೊತ್ತು? ಮಧ್ಯದಲ್ಲಿ ಯಾರೋ ನಿಂತ್ಕೊಂಡು ನಾನೇ ಅನಿಲ್ ಅಂದ್ರೆ?”

“ಅನ್ಲಿ ಬಿಡು. ಎಲ್ಲಾ ಎನ್‌ಕ್ರಿಪ್ಟ್ ಆಗಿದೆ. ಒಂದಕ್ಷರ ಯಾರೂ ಓದಕ್ಕಾಗಲ್ಲ.”

“ಗುಟ್ಟಾಗೇ ಮಾತಾಡ್ತಿದೀರ ಮಾವ, ಒಪ್ಕೋತೀನಿ. ಯಾರ ಕಿವೀಲಿ ಅಂತ ನೋಡ್ಬೇಡ್ವಾ?”

ವೇಣುಗೋಪಾಲ ನಕ್ಕ. ಮಕ್ಕಳು ಗಣೇಶನ ಹೊಟ್ಟೆ ತೋರಿಸಿ ಏನೋ ಕೇಳಿದಾಗ ದೊಡ್ಡವರು ನಗುವ ನಗು ಅದು.

ಪ್ರತಿಭಾ ಹೆಚ್ಚು ಮಾತಾಡುವ ಹುಡುಗಿಯಲ್ಲ. ತನ್ನ ಲ್ಯಾಪ್‌ಟಾಪ್ ತೆಗೆದಳು. ಆಫೀಸಿನ ವೈಫೈ ಪಾಸ್‌ವರ್ಡನ್ನು ಇವನು ಕೆಳಗಿನ ಟ್ಯೂಷನ್ ಮಕ್ಕಳಿಗೂ ಅನುಕೂಲವಾಗಲಿ ಎಂದು ಮೆಟ್ಟಿಲ ಗೋಡೆಗೆ ಅಂಟಿಸಿದ್ದ, ವೈಫೈ ಹಂಚುವ ರೂಟರಿಗೂ ಅದೇ ಪಾಸ್‌ವರ್ಡ್. ಅವಳು ಅದರೊಳಗೆ ಹೋಗಿ, ಕುಣಿಗಲ್ ಸರ್ವರ್ ಎಲ್ಲಿ ಎಂದು ಯಾರಾದರೂ ಕೇಳಿದರೆ ತನ್ನ ಲ್ಯಾಪ್‌ಟಾಪ್ ಕಡೆ ಕೈ ತೋರಿಸುವಂತೆ ಮಾಡಿದಳು. ಆಮೇಲೆ ಒಂದು ಸರ್ಟಿಫಿಕೇಟ್ ಬರೆದುಕೊಂಡು, ಅದರಲ್ಲಿ ಅನಿಲ್ ಕುಮಾರನ ಸರ್ವರಿನ ಹೆಸರು ಹಾಕಿ, ತಾನೇ ಸಹಿ ಮಾಡಿಕೊಂಡಳು.

“ಈಗ ಟ್ರಯಲ್ ಮಾಡಿ,” ಎಂದಳು.

ಇವನು ಗುಂಡಿ ಒತ್ತಿದ. ಕಪ್ಪು ಪೆಟ್ಟಿಗೆ ಯಾರನ್ನೂ ಏನೂ ಕೇಳಲಿಲ್ಲ. ಪ್ರತಿಭಾಳ ಪರದೆಯ ಮೇಲೆ ತೇಜಶ್ರೀಯ ಫೋಟೊ ಮೂಡಿತು. ಅಪ್ಪ ಮೊದಲು ತುಂಬಿದ್ದು ಮಗಳದ್ದೇ ತಾನೇ. ಅವಳ ಫೋನು, ಮನೆ ವಿಳಾಸ, ಬ್ಯಾಂಕಿಗೆ ಹೋಗುವ ಹೊತ್ತು, ಕೊನೆಗೆ ಇವನೇ ಬರೆದ ಎರಡು ಮಾತು: ಮೃದು ಸ್ವಭಾವ, ಎದುರು ಮಾತಾಡುವುದಿಲ್ಲ.

ಎದುರು ಮಾತಾಡದ ಹುಡುಗಿ ಕಿಟಕಿಯ ಪಕ್ಕದಿಂದ ಎದ್ದು ಬಂದಳು.

“ಅಪ್ಪ, ಇದು ಇವಳ ಲ್ಯಾಪ್‌ಟಾಪಿಗೆ ಹೆಂಗ್ ಬಂತು?”

“ಬಂದ್ರೇನೀಗ?” ಎಂದ ವೇಣುಗೋಪಾಲ. “ಪ್ರತಿಭಾ ನಮ್ಮೋಳೇ ತಾನೇ.”

ಇಬ್ಬರು ಹುಡುಗಿಯರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಥ ಮಾತಿಗೆ ಕೋಪ ಮಾಡಿಕೊಳ್ಳಲೂ ಸ್ವಲ್ಪ ಹೊತ್ತು ಬೇಕು.

“ರಾಜಾಜಿನಗರದ ಹುಡ್ಗನ ಅಮ್ಮ ಸೊಪ್ಪಿಗೆ ಚೌಕಾಸಿ ಮಾಡೋದು ಗೊತ್ತಾಗೋವರೆಗೂ ನಿದ್ದೆ ಮಾಡ್ಲಿಲ್ಲ ನೀನು,” ಎಂದಳು ತೇಜಶ್ರೀ. “ನನ್ನ ಅಡ್ರೆಸ್ಸನ್ನ ಯಾರಿಗೆ ಕೊಡ್ತಿದೀಯ ಅಂತ ಮಾತ್ರ ನೋಡಲ್ಲ. ನನ್ನ ಹೆಸ್ರು ತೆಗಿ.”

“ಸಂಚಾಲಕನ ಮಗಳದ್ದೇ ಇಲ್ಲ ಅಂದ್ರೆ ಜನ ಏನಂತಾರೆ?”

“ಹಂಗಾದ್ರೆ ಆ ಸಾಲು ತೆಗಿ.”

“ತೆಗೆದ್ರೆ ನಾಳೆ ಕುಣಿಗಲ್‌ದು ಬರಲ್ಲಮ್ಮ.”

“ಅನಿಲ್ ಅವ್ರು ಸರಿಯಾದ ಸರ್ಟಿಫಿಕೇಟ್ ತಗೊಂಡ್ರೆ ಬರುತ್ತೆ,” ಎಂದಳು ಪ್ರತಿಭಾ. “ಫ್ರೀಯಾಗೇ ಸಿಗುತ್ತೆ. ತಿಂಡಿ ತಿನ್ನೋಷ್ಟು ಹೊತ್ತಿನ ಕೆಲ್ಸ. ಫೋನ್ ಮಾಡಿ.”

ಇವನು ಫೋನ್ ಮಾಡಿದ. ಮಾಡುವಾಗಲೇ ಅರ್ಧ ಕುಗ್ಗಿದ್ದ.

“ಅನಿಲ್, ಆ ಸರ್ಟಿಫಿಕೇಟ್ ಒಂದು ಬೇರೆ ಕಡೆಯಿಂದ ತಗೊಂಡ್ಬಿಡಪ್ಪ.”

“ಯಾಕಣ್ಣ, ನಾನ್ ಮಾಡಿರೋದು ಸರಿ ಇಲ್ವಾ?”

“ಇದೆ, ಇದೆ. ಇಲ್ಲಿ ಹುಡುಗ್ರು ಏನೋ ಅಂತಾರೆ.”

“ನನ್ನ ಮೇಲೆ ಅನುಮಾನಾನಾ ಅಣ್ಣ? ನಮ್ಮಪ್ಪ ನಿಮ್ಮಪ್ಪ ಒಂದೇ ಹಾಸ್ಟೆಲ್ಲಲ್ಲಿ ಮುದ್ದೆ ತಿಂದೋರು.”

“ಛೆ ಛೆ, ಅನುಮಾನ ಅಂತ ಯಾರಂದ್ರು. ಮಗು ಸ್ಕೂಲಿಗೆ ಹೋಗ್ತಿದೆಯಾ?” ಎಂದು ಮಗುವಿನ ಶಾಲೆ, ಹೆಂಡತಿಯ ಮಂಡಿನೋವು ಎಲ್ಲ ವಿಚಾರಿಸಿ ಫೋನ್ ಇಟ್ಟ. ಸರ್ಟಿಫಿಕೇಟಿನ ಮಾತು ಅಲ್ಲಿಗೇ ಮುಗಿಯಿತು. ಒಳಗೊಳಗೇ ಅವನಿಗೂ ಗೊತ್ತಿತ್ತು, ಅದು ಸರಿಯಲ್ಲ ಎಂದು. ಆದರೆ ನಮ್ಮವನೊಬ್ಬನ ಎದುರು ಅದನ್ನು ಆಡುವುದಕ್ಕಿಂತ ಆ ಫೋನನ್ನು ನುಂಗುವುದು ಅವನಿಗೆ ಸುಲಭ.

ಸಂಜೆ ಮನೆಗೆ ಬಂದು ಮಗಳಿಗೆ ಹೇಳಿದ, ನಿನ್ನ ಹೆಸರು ತೆಗೆದೆ ಎಂದು. ಅದು ನಿಜ. ಪ್ರತಿಭಾಳಿಗೆ ಫೋನಿನಲ್ಲಿ ಹೇಳಿದ, ಆ ಸಾಲನ್ನೂ ಸರಿಮಾಡಿದೆ ಎಂದು. ಅದು ಸುಳ್ಳು. ತನ್ನ ಮಗಳನ್ನು ಒಳಗೆ ಕರೆದುಕೊಂಡು ಊರಿನ ಮಕ್ಕಳನ್ನು ಹೊರಗೆ ಬಿಟ್ಟು ಬಾಗಿಲು ಹಾಕಿದ ಹಾಗಾಯಿತು. ಇಷ್ಟು ಮಾಡಿ ರಾತ್ರಿ ಊಟವನ್ನೂ ಚೆನ್ನಾಗಿಯೇ ಮಾಡಿದ, ಮಹಾರಾಯ.

ಭಾನುವಾರ ಬಸವನಗುಡಿಯ ಕಲ್ಯಾಣ ಮಂಟಪದಲ್ಲಿ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯ ಮೇಲೆ ದೊಡ್ಡ ಪರದೆ, ಅದರ ಕೆಳಗೆ ಆಫೀಸಿನಿಂದ ಹೊತ್ತು ತಂದ ಕಪ್ಪು ಪೆಟ್ಟಿಗೆ, ಪಕ್ಕದಲ್ಲಿ ಕಾಲರ್ ನಿಂತ ಜುಬ್ಬಾದಲ್ಲಿ ವೇಣುಗೋಪಾಲ. ಹೆಣ್ಣುಮಕ್ಕಳ ವಿವರವೆಲ್ಲ ಬೀಗದೊಳಗೆ ಪ್ರಯಾಣ ಮಾಡುತ್ತದೆ, ಬ್ಯಾಂಕಿನಲ್ಲಿ ಹೇಗೋ ಹಾಗೆ ಎಂದು ಮೈಕಿನಲ್ಲಿ ಹೇಳಿದ. ಜನ ಚಪ್ಪಾಳೆ ತಟ್ಟಿದರು. ಅನಿಲ್ ಕುಮಾರ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ತಟ್ಟಿದ.

ಗುಂಡಿ ಒತ್ತಬೇಕಾದವರು ದೊಡ್ಡಬೈರಪ್ಪ. ಅವರು ಕನ್ನಡಕ ಮೂಗಿನ ತುದಿಗೆ ತಂದುಕೊಂಡು, “ತಡಿಯೋ ವೇಣು,” ಎಂದರು. “ಒತ್ತೋಕೆ ಮುಂಚೆ ನಿನ್ ಮಗಳದ್ದು ತೋರ್ಸು. ಸಂಚಾಲಕನ ಮನೆಯಿಂದ್ಲೇ ಶುರುವಾಗ್ಲಿ.”

“ಅಣ್ಣ, ಅದು ಆಮೇಲೆ ನೋಡಣ.”

“ಆಮೇಲೇನು? ಹೆಸ್ರು ಹಾಕಪ್ಪ.”

ಹಾಕಿದ. ಪರದೆ ಖಾಲಿ.

“ಸಂಬಂಧ ಕುದುರ್ತಾ?” ಎಂದು ಯಾರೋ ಕೇಳಿದರು. ಹೌದು ಎಂದುಬಿಡೋಣ ಎಂದು ಅವನ ನಾಲಿಗೆ ಎದ್ದಿತು. ಆದರೆ ಯಾವ ಊರು, ಯಾವ ಮನೆ, ಹುಡುಗ ಯಾರ ಮಗ ಎಂದು ಊಟಕ್ಕೆ ಮೊದಲೇ ಸಭೆಯೆಲ್ಲ ಕೇಳುತ್ತದೆ. ಕೇಳುವ ಕಲೆಯಲ್ಲಿ ಅಲ್ಲಿ ಕೂತವರಾರೂ ಇವನಿಗಿಂತ ಕಡಿಮೆಯವರಲ್ಲ.

“ಏನಿಲ್ಲ,” ಎಂದ, “ಸ್ವಲ್ಪ ಸೇಫ್ಟಿ ವಿಚಾರ ಇತ್ತು. ಅದಕ್ಕೇ ಸದ್ಯಕ್ಕೆ ಅವಳದ್ದು ತೆಗೆದಿದೀನಿ.”

ಮೈಕು ಅವನ ಕೈಯಲ್ಲೇ ಇತ್ತು. ಆ ಮಾತು ಅಡುಗೆ ಮನೆಯವರೆಗೂ ಕೇಳಿಸಿತು.

ನಡುವಿನ ಸಾಲಿನಿಂದ ವಿಶಾಲಮ್ಮ ಎದ್ದು ನಿಂತರು. ಮಗಳು ಯಶಶ್ರೀಯ ವಿವರವನ್ನು ವಾರದ ಹಿಂದೆ ಇವನ ಕೈಗೇ ತಂದುಕೊಟ್ಟಿದ್ದವರು. “ಏನಂದ್ರಿ? ನಿಮ್ಮ ಮಗಳದ್ದು ಮಾತ್ರ ಜೋಪಾನ, ನಮ್ಮ ಯಶಶ್ರೀದು ಬೀದೀಲಿ ಬಿದ್ದಿರ್ಬೇಕಾ?”

“ಹಂಗಲ್ಲ ವಿಶಾಲಮ್ಮ.”

“ಹೆಂಗೆ ಮತ್ತೆ? ಹೇಳಿ. ನಿಂತಿದೀನಿ.”

ಅವರ ಹಿಂದೆ ಇನ್ನಷ್ಟು ತಾಯಂದಿರು ನಿಂತರು. ದೊಡ್ಡಬೈರಪ್ಪ ಸಭೆಯನ್ನು ಕಣ್ಣಲ್ಲೇ ಹುಡುಕಿ ಪ್ರತಿಭಾಳನ್ನು ಕರೆದರು. ಅವಳು ಪೆಟ್ಟಿಗೆಯ ಕೋಡನ್ನು ತೆರೆದು ನೋಡಿದಳು. ಸಾಲು ಇದ್ದಲ್ಲೇ ಇತ್ತು. ಮಾವನ ಮುಖ ನೋಡಿದಳು, ಮಾವ ಪರದೆ ನೋಡುತ್ತಿದ್ದ.

“ಎದುರಿಗೆ ಯಾರೇ ಇದ್ರೂ, ಅವ್ರು ಯಾರು ಅಂತ ನೋಡ್ದೆ ವಿವರ ಕೊಟ್ಬಿಡು ಅಂತ ಬರ್ದಿದೆ, ತಾತ,” ಎಂದಳು.

“ಅದನ್ನ ಅಳಿಸಮ್ಮ,” ಎಂದರು ದೊಡ್ಡಬೈರಪ್ಪ.

ಅಳಿಸಿದಳು. ಅವರು ಗುಂಡಿ ಒತ್ತಿದರು. ಕಪ್ಪು ಪೆಟ್ಟಿಗೆ ಮೊದಲಿನ ಹಾಗೆ ಗುರುತು ಕೇಳಿತು, ಎದುರಿನದು ತಾನೇ ಸಹಿ ಹಾಕಿಕೊಂಡದ್ದನ್ನು ತೋರಿಸಿತು, ಇದು ಬಾಗಿಲು ಹಾಕಿತು. ಹೆಣ್ಣುಮಕ್ಕಳ ಒಂದು ಫೋಟೊವೂ ಹೋಗಲಿಲ್ಲ, ಕುಣಿಗಲ್ಲಿನ ಒಂದು ಮೀಸೆಯೂ ಬರಲಿಲ್ಲ.

“ಸರಿ, ಊಟಕ್ಕೆ ಏಳಿ,” ಎಂದರು ದೊಡ್ಡಬೈರಪ್ಪ.

ಊಟ ಚೆನ್ನಾಗಿತ್ತು, ಒಬ್ಬಟ್ಟು ಬಿಸಿಯಾಗಿತ್ತು, ತುಪ್ಪ ಮಾತ್ರ ಎರಡನೆಯ ಪಂಕ್ತಿಗೆ ತೆಳ್ಳಗಾಯಿತು. ಎಲೆಯಡಿಕೆ ಹಾಕಿಕೊಳ್ಳುತ್ತಾ ಹಿರಿಯರು ಸಮಿತಿಯ ಸಭೆ ಮುಗಿಸಿದರು. ಸುಳ್ಳು ಹೇಳಿ ಮಗಳನ್ನು ಬಚ್ಚಿಟ್ಟವನಿಗೆ ಸಂಚಾಲಕನ ಪಟ್ಟ ಬೇಡ ಎಂದಾಯಿತು. ಹಾಗಾದರೆ ಯಾರಿಗೆ? ಅನಿಲ್ ಕುಮಾರನಿಗೆ. ಅವನ ಹೆಸರು ಸೂಚಿಸಿದವರು ಅವನ ಚಿಕ್ಕಪ್ಪ. ಅನುಮೋದಿಸಿದವರು ಅವನ ಭಾವ. ಪ್ರತಿಭಾ ಬಾಯಿ ತೆರೆಯುವಷ್ಟರಲ್ಲಿ ಹಾರ ಬಿದ್ದಾಗಿತ್ತು. ಅಷ್ಟು ಬುದ್ಧಿವಂತರ ಸಭೆ.

ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ತೇಜಶ್ರೀ ಹಿಂದೆ ಕೂತಿದ್ದಳು. ಗಾಂಧಿ ಬಜಾರ್ ದಾಟಿದ ಮೇಲೆ ವೇಣುಗೋಪಾಲ ಸ್ಕೂಟರಿನ ವೇಗ ತಗ್ಗಿಸಿದ.

“ಆ ಸರ್ಟಿಫಿಕೇಟ್ ಅವನದ್ದೇ ತಾನೇ,” ಎಂದ. “ಅವನನ್ನ ಒಬ್ರೂ ಏನೂ ಕೇಳ್ಲಿಲ್ಲ ನೋಡು.”

“ನೀನು ಕೇಳ್ಬೋದಿತ್ತಲ್ಲ ಅಪ್ಪ. ಮೈಕ್ ನಿನ್ ಕೈಲೇ ಇತ್ತು.”

“ಎಲ್ಲಾದ್ರೂ ಉಂಟಾ,” ಎಂದ. “ಬೇಜಾರ್ ಮಾಡ್ಕೋತಾನೆ.”