ತಿಳಿ ಬಣ್ಣದ ಬಂಡೆ

ನೀಲಾಂಬಿಕಾಳ ಕೆಲಸ ತಪ್ಪು ಹುಡುಕುವುದು. ಬೆಂಗಳೂರಿನ ಬ್ರೂಕ್‌ಫೀಲ್ಡಿನ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿದ್ದ ಅನಿಮೇಷನ್ ಸ್ಟುಡಿಯೊದ ಚೆಕಿಂಗ್ ವಿಭಾಗಕ್ಕೆ ಅವಳು ೨೦೧೧ರಲ್ಲಿ ಸೇರಿದಳು. ಅಮೆರಿಕದಲ್ಲಿ ದೊಡ್ಡವರು ನೋಡುವ ಒಂದು ಕಾರ್ಟೂನು ಧಾರಾವಾಹಿಯ ಅರ್ಧ ಕೆಲಸ ಈ ಸ್ಟುಡಿಯೊದಲ್ಲಿ ನಡೆಯುತ್ತಿತ್ತು. ಕಥೆ, ಮಾತು, ಮುಖ್ಯ ಚಿತ್ರಗಳು ಅಮೆರಿಕದಿಂದ ಬರುತ್ತಿದ್ದವು. ಅವುಗಳ ನಡುವಿನ ಚಲನೆಯ ಚಿತ್ರ, ಬಣ್ಣ, ಹಿನ್ನೆಲೆ ಇಲ್ಲಿಯವರ ಪಾಲು. ಎಲ್ಲ ಮುಗಿದ ಮೇಲೆ ನೀಲಾಂಬಿಕಾ ಪ್ರತಿ ಶಾಟನ್ನೂ ಒಂದೊಂದೇ ಚಿತ್ರವಾಗಿ ನೋಡುವಳು. ಅಂಗಿಯ ಗುಂಡಿಯೊಂದು ಮಾಯವಾಗಿದ್ದರೂ ಅವಳ ಕಣ್ಣಿಗೆ ಬೀಳುತ್ತಿತ್ತು.

ಆದರೂ ಅವಳು ದಿನವೂ ಹೆದರಿಕೊಂಡೇ ಮೆಟ್ಟಿಲು ಹತ್ತುತ್ತಿದ್ದಳು. ಕಾರಣ, ಸಂದರ್ಶನದಲ್ಲಿ ಹೇಳಿದ ಒಂದು ಸುಳ್ಳು.

"ಹಳೇ ಕಾರ್ಟೂನ್‌ಗಳೆಲ್ಲ ನೋಡಿದೀರಾ? ನಮ್ಮ ಧಾರಾವಾಹಿ ತುಂಬಾ ಅವುಗಳನ್ನ ಅಣಕಿಸೋ ತಮಾಷೆನೇ" ಎಂದು ತಂಡದ ಮುಖ್ಯಸ್ಥ ಹರ್ಷವರ್ಧನ್ ಕೇಳಿದ್ದ.

"ಸಣ್ಣಾಕಿ ಇದ್ದಾಗಿಂದ ನೋಡೀನ್ರಿ ಸರ್" ಎಂದಿದ್ದಳು.

ಒಂದನ್ನೂ ನೋಡಿರಲಿಲ್ಲ. ಸಿಂದಗಿ ಕಡೆಯ ಹಳ್ಳಿಯಲ್ಲಿ ಹೊಲಿಗೆ ಕೆಲಸದ ಮಲಕಪ್ಪನ ಮಗಳು ಅವಳು. ಮನೆಗೆ ಟೀವಿ ಬಂದಾಗ ಅವಳು ಗುಲ್ಬರ್ಗದ ಹಾಸ್ಟೆಲಿನಲ್ಲಿ ಚಿತ್ರಕಲೆ ಪದವಿ ಓದುತ್ತಿದ್ದಳು. ಮನೆತನದಲ್ಲೇ ಪದವಿ ಪಡೆದವಳು ಅವಳೊಬ್ಬಳೇ. ಬೆಂಗಳೂರಿಗೆ ಬಂದ ಮೇಲಾದರೂ ನೋಡೋಣವೆಂದರೆ ಸ್ಟುಡಿಯೊದ ಕಂಪ್ಯೂಟರುಗಳಲ್ಲಿ ಇಂಟರ್ನೆಟ್ ಇರಲಿಲ್ಲ, ಪೀಜಿಯ ಟೀವಿ ರಿಮೋಟು ಯಾವಾಗಲೂ ಬೇರೆಯವರ ಕೈಯಲ್ಲಿ. ಕಂತು ಮುಗಿದಾಗ ಎಲ್ಲರೂ ಒಟ್ಟಿಗೆ ಕೂತು ನೋಡುವ ಕೋಣೆಯಲ್ಲಿ ಅವಳು ಪರದೆಯನ್ನಲ್ಲ, ಪಕ್ಕದವರ ಮುಖ ನೋಡುತ್ತಿದ್ದಳು. ಅವರು ನಕ್ಕ ಮೇಲೆ ನಗುತ್ತಿದ್ದಳು. ಯಾರಾದರೂ "ನಿಂಗ್ಯಾಕೆ ನಗು ಬಂತು?" ಎಂದು ಕೇಳಿಬಿಟ್ಟಾರೆಂದು ಕಂತು ಮುಗಿದ ಕೂಡಲೇ ಎಲ್ಲರಿಗಿಂತ ಮೊದಲು ಎದ್ದು ಹೋಗುತ್ತಿದ್ದಳು.

ಆರು ತಿಂಗಳ ಪ್ರೊಬೇಷನ್ ಆ ಶುಕ್ರವಾರ ಮುಗಿಯಬೇಕು. ಮಂಗಳವಾರ ನೂರ ಹದಿನಾಲ್ಕನೆಯ ಶಾಟ್ ಅವಳ ಮುಂದೆ ಬಂತು. ಧಾರಾವಾಹಿಯ ದಪ್ಪ ಅಪ್ಪ ಬೆಟ್ಟದ ದಾರಿಯಲ್ಲಿ ಓಡುತ್ತಿದ್ದಾನೆ. ಹಿಂದೆ ಸಾಲಾಗಿ ಕಂದು ಬಂಡೆಗಳು, ಅವುಗಳಲ್ಲಿ ಒಂದು ಮಾತ್ರ ತಿಳಿ ಬಣ್ಣದ್ದು. ಬಣ್ಣ ಹೊಂದದಿರುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು ಎಂದು ಅವಳಿಗೆ ಕಲಿಸಿದ್ದರು. ಸಂಜೆ ನಾಲ್ಕಕ್ಕೆ ಕಂತು ಕಳಿಸಬೇಕಿತ್ತು, ಹಿಂದಕ್ಕೆ ಕಳಿಸಿ ತಿದ್ದಿಸುವಷ್ಟು ಹೊತ್ತಿರಲಿಲ್ಲ. ಪಕ್ಕದ ಬಂಡೆಯ ಬಣ್ಣವನ್ನೇ ಅದಕ್ಕೂ ತುಂಬಿ, ಅದೇ ಫೈಲಿನ ಮೇಲೆ ಸೇವ್ ಮಾಡಿದಳು. ಸಣ್ಣ ತಿದ್ದುಪಡಿಯೆಂದು ಎಲ್ಲಿಯೂ ಬರೆದಿಡಲಿಲ್ಲ. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಅಂದು ಚೆನ್ನಾಗಿ ಊಟ ಮಾಡಿದಳು.

ಗುರುವಾರ ಬೆಳಿಗ್ಗೆ ಹರ್ಷವರ್ಧನ್ ಹಿನ್ನೆಲೆ ಬರೆಯುವ ಶ್ಯಾಮಣ್ಣನವರ ಮೇಜಿನ ಬಳಿ ನಿಂತಿದ್ದ. ಐವತ್ತು ದಾಟಿದ ಶ್ಯಾಮಣ್ಣ ಹತ್ತಿರದ ಹೂಡಿಯವರು, ಮೊದಲು ಸಿನಿಮಾ ಬೋರ್ಡು ಬರೆಯುತ್ತಿದ್ದವರು.

"ಏನ್ ಶ್ಯಾಮಣ್ಣ ಇದು? ಬಂಡೆ ಎಲ್ಲಾ ಒಂದೇ ಬಣ್ಣ ಮಾಡ್ಬಿಟ್ಟಿದೀರ. ಮುಂದಿನ ಶಾಟ್‌ನಲ್ಲೂ ಇದೇ ಹಿನ್ನೆಲೆ, ಆ ದಪ್ಪ ಅಪ್ಪ ತಿಳಿ ಬಂಡೆ ತೋರಿಸಿ 'ಇದೇ ಬೀಳೋದು' ಅಂತಾನೆ. ತೋರಿಸಕ್ಕೆ ಬಂಡೆನೇ ಇಲ್ಲ! ಜೋಕ್ ಸತ್ತೋಯ್ತು ಅಂತ ಅಮೆರಿಕದಿಂದ ಮೇಲ್ ಬಂದಿದೆ."

"ನಾನಾ? ಆ ತಿಳಿ ಬಣ್ಣ ಸರಿ ಬರ್ಲಿ ಅಂತ ಅರ್ಧ ದಿನ ಕೂತಿದ್ದೀನಿ ಕಣಪ್ಪ!"

"ಫೈಲ್ ನಿಮ್ದೇ ಅಲ್ವಾ, ನೀವೇ ನೋಡಿ."

ಶ್ಯಾಮಣ್ಣ ಫೈಲು ತೆರೆದರು. ಬಂಡೆ ಕಂದಾಗಿತ್ತು.

"ಕನ್ನಡಕ ಬದಲಾಯಿಸ್ಕೊಳ್ಳಿ ಶ್ಯಾಮಣ್ಣ, ಇಲ್ಲಾಂದ್ರೆ ನಾಳೆ ನಂಗೂ ಕಂದು ಬಣ್ಣ ಹೊಡೀತೀರ" ಎಂದು ಪಕ್ಕದ ದೀಪಶ್ರೀ ಕೆಣಕಿದಳು. ನಾಲ್ಕೈದು ಜನ ನಕ್ಕರು. ಹರ್ಷವರ್ಧನ್ ನಗಲಿಲ್ಲ. "ತಪ್ಪು ಯಾರದ್ದು ಅಂತ ನಾಳೆ ಮೇಲಿನವರಿಗೆ ಹೆಸರು ಕೊಡ್ಬೇಕು" ಎಂದು ಹೋದ.

ಎರಡು ಸಾಲು ಹಿಂದೆ ಕುಳಿತಿದ್ದ ನೀಲಾಂಬಿಕಾಳಿಗೆ ಪ್ರತಿ ಮಾತೂ ಕೇಳಿಸಿತು. ಹಿಂದಿನ ತಿಂಗಳು ಅಮರಪ್ಪನೆಂಬವನ ತಪ್ಪಿನಿಂದ ಒಂದು ಕಂತು ತಡವಾಗಿತ್ತು. ಮಧ್ಯಾಹ್ನದೊಳಗೆ ಅವನ ಗುರುತಿನ ಚೀಟಿ ತೆಗೆದುಕೊಂಡು, ಸೆಕ್ಯೂರಿಟಿಯವನನ್ನು ಜೊತೆ ಮಾಡಿ ಗೇಟಿನವರೆಗೆ ಬಿಟ್ಟಿದ್ದರು. ಅವನು ಊಟದ ಡಬ್ಬಿಯ ಚೀಲ ಮರೆತು ಹೋಗಿದ್ದ. ತಾನು ಬಾಯಿ ಬಿಟ್ಟರೆ ಬಂಡೆಯೊಂದೇ ಹೊರಬರುವುದಿಲ್ಲ, ಆರು ತಿಂಗಳ ಸುಳ್ಳೂ ಬರುತ್ತದೆ. ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಊಟದ ಹೊತ್ತಿಗೆ ಎಂದಿನಂತೆ ಶ್ಯಾಮಣ್ಣನವರೇ ಎದುರಿಗೆ ಕುಳಿತರು. ಮುದ್ದೆ ಮುರಿದರು, ಬಾಯಿಗಿಡಲಿಲ್ಲ.

"ಆ ಹಳೇ ಕಾರ್ಟೂನ್‌ಗಳಲ್ಲಿ ಹಿನ್ನೆಲೆ ಕಾಗದದ ಮೇಲೆ ಬರೀತಿದ್ರು. ಅಲ್ಲಾಡೋದನ್ನ ಮಾತ್ರ ಪಾರದರ್ಶಕ ಹಾಳೆ ಮೇಲೆ ಬೇರೆ ಬಣ್ಣದಲ್ಲಿ ಬರೀತಿದ್ರು. ಎಷ್ಟ್ ಮಾಡಿದ್ರೂ ಎರಡೂ ಒಂದೇ ಥರ ಕಾಣ್ತಿರಲಿಲ್ಲ. ಬೀಳೋ ಬಂಡೆ ಯಾವುದು ಅಂತ ನೋಡೋರಿಗೆ ಮೊದಲೇ ಗೊತ್ತಾಗೋದು. ಅದನ್ನೇ ಈಗ ತಮಾಷೆ ಮಾಡವ್ರೆ. ನಿಂಗೆ ಗೊತ್ತಿರುತ್ತೆ ಬಿಡಮ್ಮ, ಚಿಕ್ಕೋಳಿಂದ ನೋಡಿದೀಯ."

ಅವಳು ತಲೆಯಾಡಿಸಿದಳು.

"ನಾನೇ ಏನೋ ಒತ್ತಿರ್ಬೇಕು" ಎಂದರು ಅವರು, ತಮ್ಮ ಬಲಗೈಯನ್ನು ತಿರುಗಿಸಿ ನೋಡುತ್ತ. "ಮೊನ್ನೆನೂ ಗ್ಯಾಸ್ ಆರಿಸೋದು ಮರೆತಿದ್ದೆ. ಬುದ್ಧಿ ಮೊದಲಿನಂಗಿಲ್ಲ ಅನ್ಸುತ್ತೆ."

ಅವರು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ತನ್ನಿಂದಾಗಿ ಈ ಹಿರಿಯರು ತಮ್ಮ ಬುದ್ಧಿಯನ್ನೇ ಅನುಮಾನಿಸುತ್ತಿದ್ದಾರೆ ಎನ್ನುವುದನ್ನು ಮಾತ್ರ ನೋಡಲಾಗಲಿಲ್ಲ.

"ಅಣ್ಣಾ, ನಾನ ಮಾಡೀನ್ರಿ. ತಪ್ಪಾಗೇತಿ ಅಂತ ತಿಳಕೊಂಡು ಬಣ್ಣ ತುಂಬೀನಿ. ನಾ ಒಂದೂ ಕಾರ್ಟೂನ್ ನೋಡಿಲ್ರಿ."

ಶ್ಯಾಮಣ್ಣ ಮುರಿದ ಮುದ್ದೆಯನ್ನು ತಟ್ಟೆಗೆ ಹಾಕಿದರು. "ಬೆಳಿಗ್ಗೆ ಎಲ್ರೂ ನಕ್ಕಾಗ ನೀನೂ ಅಲ್ಲೇ ಇದ್ದೆ ಅಲ್ವಾ?" ಎಂದಷ್ಟೇ ಕೇಳಿ ತಟ್ಟೆ ಎತ್ತಿಕೊಂಡು ಹೋದರು.

ಹರ್ಷವರ್ಧನ್‌ನ ಕೋಣೆಯ ಗಾಜಿನ ಬಾಗಿಲನ್ನು ಎರಡು ಸಲ ದಾಟಿ ಹೋಗಿ, ಮೂರನೆಯ ಸಲ ಒಳಗೆ ಹೋಗಿ ಬಂಡೆಯ ವಿಷಯವನ್ನೂ ಸಂದರ್ಶನದ ಸುಳ್ಳನ್ನೂ ಹೇಳಿದಳು. ಅವನು ಬಂಡೆಯ ವಿಷಯಕ್ಕಿಂತ ಇನ್ನೊಂದಕ್ಕೇ ಹೆಚ್ಚು ಬೆರಗಾದ.

"ಒಂದೂ ನೋಡಿಲ್ವಾ? ಮತ್ತೆ ಅಷ್ಟ್ ಯಾಕ್ ನಗ್ತಿದ್ರಿ?"

"ಹೆದರಿ ನಗತಿದ್ನಿರಿ ಸರ್."

ಅವನು ಹಣೆ ಉಜ್ಜಿಕೊಂಡ. ಬಂಡೆ ಸರಿಮಾಡಿಸಿ ಸಂಜೆಯೊಳಗೆ ಕಳಿಸಬೇಕು, ಉಳಿದದ್ದು ನಾಳೆ ಎಂದ. ಆ ಇಡೀ ರಾತ್ರಿ ಅವಳು ಗೇಟಿನವರೆಗೆ ನಡೆದುಹೋಗುವುದನ್ನೇ ನೆನೆಸಿಕೊಂಡಳು. ಶುಕ್ರವಾರ ಕೈಗೆ ಬಂದ ಪತ್ರದಲ್ಲಿ ಕೆಲಸ ಖಾಯಂ ಆಗಿರಲಿಲ್ಲ, ಹೋಗಿಯೂ ಇರಲಿಲ್ಲ. ಪ್ರೊಬೇಷನ್ ಮೂರು ತಿಂಗಳು ಮುಂದಕ್ಕೆ ಹೋಗಿತ್ತು.

ಸೋಮವಾರ ಹೊಸ ಕಂತು ಬಂತು. ಒಂದು ಬೆಕ್ಕು ಓಡುತ್ತ ಓಡುತ್ತ ಬೆಟ್ಟದ ಅಂಚು ದಾಟಿ ಗಾಳಿಯಲ್ಲಿ ನಿಂತಿದೆ. ಹನ್ನೆರಡು ಚಿತ್ರಗಳವರೆಗೂ ಬೀಳುತ್ತಿಲ್ಲ. ನೀಲಾಂಬಿಕಾ ಆ ಹನ್ನೆರಡನ್ನೂ ಇನ್ನೊಮ್ಮೆ ನೋಡಿದಳು. ತಿದ್ದಿದರೂ ಭಯ, ಬಿಟ್ಟರೂ ಭಯ. ಎದ್ದು, ಎಲ್ಲರಿಗೂ ಕೇಳಿಸುವ ಹಾಗೆಯೇ, ಶ್ಯಾಮಣ್ಣನವರನ್ನು ಕೇಳಿದಳು:

"ಅಣ್ಣಾ, ಈ ಬೆಕ್ಕು ಬೀಳವಲ್ದು. ಇದು ತಪ್ಪೋ, ನಗಸೂ ಚ್ಯಾಷ್ಟಿನೋ?"

ದೀಪಶ್ರೀ ಕಿಸಕ್ಕನೆ ನಕ್ಕಳು. ಆದರೂ ನೀಲಾಂಬಿಕಾ ಉತ್ತರ ಬರುವವರೆಗೆ ಅಲ್ಲಿಂದ ಕದಲಲಿಲ್ಲ. ನಾಲ್ಕು ದಿನದಿಂದ ಅವಳೊಡನೆ ಮಾತಾಡದಿದ್ದ ಶ್ಯಾಮಣ್ಣ ತಲೆಯೆತ್ತದೆಯೇ ಹೇಳಿದರು:

"ಹಳೇ ತಮಾಷೆ. ಕೆಳಗೆ ನೋಡೋವರ್ಗೂ ಬೀಳಲ್ಲ ಅದು. ಮುಟ್ಬೇಡ."