ಹಾಲಮ್ಮನ ಕೋಳಿಗೆ ನಾನು ಕಟ್ಟಿದ ಬೆಲೆ

ಅಜ್ಜಂಪುರದಲ್ಲಿ ನಮ್ಮ ಪಕ್ಕದ ಮನೆಯ ಹಾಲಮ್ಮ ಈರುಳ್ಳಿ ಸುಗ್ಗಿಯಲ್ಲಿ ಕೂಲಿಗೆ ಹೋಗುತ್ತಾಳೆ. ಉಳಿದ ದಿನಗಳ ಎಣ್ಣೆ, ಸೋಪು, ಎಲೆಅಡಿಕೆಯ ಖರ್ಚೆಲ್ಲ ಅವಳ ಒಂದೇ ಒಂದು ಕಪ್ಪು ಕೋಳಿಯ ಮೊಟ್ಟೆಗಳಿಂದ ನಡೆಯುತ್ತಿತ್ತು. ಆ ಕೋಳಿಯ ಸಾವಿಗೆ ಕಾರಣ ನಾನು. ನನ್ನ ಅವರೆ ಪಾತಿ ಕೆದಕುತ್ತಿದೆಯೆಂದು ಕೊಡೆ ಬೀಸಿದೆ. ಬೆದರಿದ ಅದು ಬೇಲಿ ಹಾರಿ ಗೂಡ್ಸ್ ಆಟೋದ ಚಕ್ರಕ್ಕೆ ಸಿಕ್ಕಿತು.

"ಅಯ್ಯೋ ಮೇಷ್ಟ್ರೇ, ಮೊಟ್ಟೆ ಇಡೋ ಕೋಳಿ ಕಣ್ರೀ! ಇನ್ನು ಸಂತೆಗೆ ಏನ್ ತಗಂಡ್ ಹೋಗ್ಲಿ?" ಎಂದು ಹಾಲಮ್ಮ ನಮ್ಮ ಅಂಗಳದಲ್ಲೇ ಕುಳಿತುಬಿಟ್ಟಳು.

ಆಯುಷ್ಯವೆಲ್ಲ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. "ನ್ಯಾಯವಾಗಿ ಲೆಕ್ಕ ಹಾಕಿ ಕೊಡ್ತೀನಿ ಹಾಲಮ್ಮ" ಎಂದೆ. ದಿನಕ್ಕೊಂದು ಮೊಟ್ಟೆ, ಮೊಟ್ಟೆಗೊಂದು ಮರಿ, ಮರಿಗಳಲ್ಲಿ ಅರ್ಧ ಹೇಂಟೆ, ಆ ಹೇಂಟೆಗಳಿಗೆ ಮತ್ತೆ ಮೊಟ್ಟೆ ಎಂದು ಗುಣಿಸುತ್ತಾ ಹೋದೆ. ಮೂರನೆಯ ವರ್ಷಕ್ಕೆ ಬರುವಷ್ಟರಲ್ಲಿ ನನ್ನ ಪಿಂಚಣಿ ಸಾಲದಾಯಿತು. ಗಾಬರಿಯಿಂದ ಕಾಗೆ, ನಾಯಿ, ರೋಗ, ನನ್ನ ಅವರೆ ಸಸಿಗಳ ನಷ್ಟ ಎಂದು ಕಳೆಯತೊಡಗಿದೆ. ಕೊನೆಗೆ ಹಾಲಮ್ಮನೇ ನನಗೆ ಇನ್ನೂರು ರೂಪಾಯಿ ಕೊಡಬೇಕೆಂದು ಬಂತು. ಅದನ್ನು ಗಟ್ಟಿಯಾಗಿ ಓದಬಾರದೆಂದು ಹೊಳೆಯುವ ಹೊತ್ತಿಗೆ ಓದಿಯಾಗಿತ್ತು.

"ನಿಮ್ ಲೆಕ್ಕ ನೀವೇ ಮಡಿಕ್ಕಳಿ. ನಂಗೆ ಮೊಟ್ಟೆ ಇಡೋ ಕೋಳಿ ಬೇಕು. ಸತ್ತಿದ್ರಲ್ಲಿ ಅರ್ಧ ಅಮ್ಮಾವ್ರದು ಬೇರೆ!"

ಮಠಕ್ಕೆ ನಡೆದುಕೊಳ್ಳುವ ನಮ್ಮ ಮನೆಯಲ್ಲಿ ಮಾಂಸವಿರಲಿ, ಮೊಟ್ಟೆಯೂ ಹೊಸಿಲು ದಾಟುವಂತಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ವಿಶಾಲಾಕ್ಷಮ್ಮನತ್ತ ತಿರುಗಿದೆ.

"ಪಾಲಿಗೆ ಕೊಟ್ಟಿದ್ದೆ ಕಣ್ರೀ" ಎಂದಳು, ಒಂದಿಷ್ಟೂ ಅಳುಕದೆ. "ಮರಿ ನಾನು ಕೊಡ್ಸಿದ್ದು, ಸಾಕೋದು ಹಾಲಮ್ಮ, ಬಂದಿದ್ರಲ್ಲಿ ಅರ್ಧರ್ಧ. ನೀವು ಉಟ್ಟಿರೋ ಪಂಚೆ ಯಾವ ದುಡ್ಡಿಂದು ಅಂದ್ಕೊಂಡ್ರಿ?"

ಪಂಚೆಯನ್ನು ಮುಟ್ಟಿ ನೋಡಿಕೊಂಡೆ. ಅಂಗಳದಲ್ಲಿ ನಿಂತು ಅದನ್ನು ತ್ಯಜಿಸುವಂತೆಯೂ ಇರಲಿಲ್ಲ.

ಮುಂದಿನ ಸಂತೆಯ ದಿನ ತರೀಕೆರೆಗೆ ಹೋಗಿ ಒಂದು ಕೆಂಪು ಹೇಂಟೆಯನ್ನು ಕೊಂಡು, ಕಂಕುಳಲ್ಲಿ ಅವುಚಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಶಾಹಿದ್ ನನ್ನ ಹಳೆಯ ಶಿಷ್ಯ.

"ಏನ್ ಸಾರ್, ಶುರು ಹಚ್ಕೊಂಡ್ರಾ? ಮಠದೋರಿಗೆ ಗೊತ್ತಾ?" ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗಿದ. ಆಮೇಲೆ ಕೋಳಿಗೂ ಟಿಕೆಟ್ ಹರಿದ.

ಹಾಲಮ್ಮ ಕೋಳಿಯನ್ನೆತ್ತಿ, ಹೊಟ್ಟೆ ಒತ್ತಿ ನೋಡಿ ನಕ್ಕಳು. "ಇಡ್ತದೆ ಬಿಡಿ ಮೇಷ್ಟ್ರೇ."

ಈಗ ಅದೂ ನನ್ನ ಅವರೆ ಪಾತಿಯನ್ನೇ ಕೆದಕುತ್ತದೆ. ಕೊಡೆಗೆ ಕೈ ಹಾಕಿದರೆ ಸಾಕು, ಅಡುಗೆಮನೆಯಿಂದ ವಿಶಾಲಾಕ್ಷಮ್ಮನ ಕೂಗು: "ನಿಧಾನ ಕಣ್ರೀ, ಅದ್ರಲ್ಲಿ ಅರ್ಧ ನಂದು!"

ಮಿಕ್ಕ ಅರ್ಧ ಹಾಲಮ್ಮನದು. ಪಾತಿ ಮಾತ್ರ ಪೂರ್ತಿ ನನ್ನದು.