ಎಂಜಲು ಡಾಕ್ಟ್ರು

ಹಣೆಗೆ ಕಟ್ಟಿಕೊಳ್ಳುತ್ತಿದ್ದ ದೀಪದ ಪಟ್ಟಿ ಒತ್ತಿ ಒತ್ತಿ ಡಾಕ್ಟರಮ್ಮನ ಹುಬ್ಬಿನ ಮೇಲೆ ಒಂದು ಕೆಂಪು ಗೆರೆ ಬಿದ್ದಿರುತ್ತಿತ್ತು. ಬೆಳಿಗ್ಗೆ ಇಟ್ಟುಕೊಂಡು ಬಂದ ಕುಂಕುಮ ಮಧ್ಯಾಹ್ನದ ಹೊತ್ತಿಗೆ ಹಣೆ ತುಂಬ ಹರಡಿಕೊಂಡಿರುತ್ತಿತ್ತು. ಯಾರಾದರೂ ಹೇಳಿದರೆ, "ನನ್ನ ಮುಖ ಬಿಡಿ, ನಿಮ್ಮ ಬಾಯಿ ತೋರ್ಸಿ" ಅನ್ನುವರು.

ಘಟ್ಟದ ಕೆಳಗಿನ ದಂತ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ಅವರು, ಬಾಯಿ ಕ್ಯಾನ್ಸರ್ ಬರುವ ಮೊದಲೇ ಅದರ ಸುಳಿವು ಹಿಡಿಯುವ ಸಂಶೋಧನೆಗೆಂದು ಬಾಳೂರಿನ ನಮ್ಮ ಕಾಫಿ ಎಸ್ಟೇಟಿನ ಕೂಲಿ ಲೈನಿಗೆ ಬರುತ್ತಿದ್ದರು. ನಾನು ಇಲ್ಲಿನ ಆಶಾ ಕಾರ್ಯಕರ್ತೆ. ಅವರ ಜೊತೆ ಮನೆಮನೆ ತಿರುಗುವ ಕೆಲಸ ನನ್ನದು. ಮೊದಲ ದಿನವೇ ಎಲ್ಲರ ಕೈಗೂ ಒಂದೊಂದು ಪುಟ್ಟ ಡಬ್ಬಿ ಕೊಟ್ಟು, ಇದರಲ್ಲಿ ಎಂಜಲು ಉಗಿದು ಕೊಡಿ ಅಂದರು. ಕಾಫಿ ಒಣಗಿಸುವ ಕಣದಲ್ಲಿ ಕೂತವರೆಲ್ಲ ಡಬ್ಬಿ ಕೆಳಗಿಟ್ಟರು. ನಮ್ಮ ಎಂಜಲನ್ನು ಇನ್ನೊಬ್ಬರ ಕೈಗೆ, ಅದೂ ಡಾಕ್ಟರ ಕೈಗೆ ಕೊಡುವುದುಂಟೇ?

"ಬೇಡ ಅಮ್ಮಾವ್ರೇ, ನಮಗೆ ಪಾಪ ಸುತ್ಕೊಳ್ಳುತ್ತೆ," ಅಂದಳು ನನ್ನ ಅಮ್ಮ.

"ಕೇಳಿ ಇಸ್ಕೊಳ್ತಿರೋಳು ನಾನು. ಪಾಪ ಬಂದ್ರೆ ನನಗೇ ಬರ್ಲಿ, ನೀವು ಉಗೀರಿ."

ಕಣವೆಲ್ಲ ನಕ್ಕಿತು. ಅಂದಿನಿಂದ ಅವರು ಎಂಜಲು ಡಾಕ್ಟ್ರು. ಬೇರೆಯವರಾಗಿದ್ದರೆ ಮುನಿಸಿಕೊಳ್ಳುತ್ತಿದ್ದರು, ಇವರು ಫೋನು ಮಾಡಿದರೂ "ಎಂಜಲು ಡಾಕ್ಟ್ರು ಮಾತಾಡೋದು" ಅಂತಲೇ ಶುರುಮಾಡುತ್ತಿದ್ದರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದೇ ಆಗ.

ಅಮ್ಮ ಹೊಗೆಸೊಪ್ಪು ಹಾಕಿದ ಎಲೆಯಡಿಕೆ ಒತ್ತಿಟ್ಟುಕೊಳ್ಳುತ್ತಿದ್ದ ಕೆನ್ನೆಯೊಳಗೆ ಒಂದು ಬಿಳಿ ಮಚ್ಚೆ ಕಂಡಿತು. ನೋವಿಲ್ಲ, ಉರಿಯಿಲ್ಲ. ಡಾಕ್ಟರಮ್ಮ ಅದರಿಂದ ಚೂರು ತೆಗೆಸಿ ಪರೀಕ್ಷೆಗೆ ಹಾಕಿದರು. ಕ್ಯಾನ್ಸರ್ ಇಲ್ಲ ಅಂತ ಬಂತು. ನಾನು ಖುಷಿಗೆ ಪಾಯಸ ಮಾಡಿದೆ. ಅವರಿಗೆ ಮಾತ್ರ ಸಮಾಧಾನವಿಲ್ಲ. ಅದೇ ಚೂರನ್ನು ಇನ್ನೊಂದು ಪರೀಕ್ಷೆ ಮಾಡಿ ನೋಡಿ, ಸೀದಾ ಮನೆಗೇ ಬಂದರು.

"ಕೆಡೋಕೆ ಹೊರಟ ಜೀವಕೋಶ ಕೆಲವು ಪ್ರೋಟೀನನ್ನ ವಿಪರೀತ ಮಾಡುತ್ತೆ. ಗಂಟು ಕಾಣೋಕೆ ಮೊದಲೇ ಅದು ಕಾಣುತ್ತೆ. ನಿಮ್ಮ ಮಚ್ಚೆಯಲ್ಲಿ ಕಂಡಿದೆ. ಕಾಫಿ ಗಿಡ ಹಸಿರಾಗೇ ಇದ್ರೂ ಕಾಂಡದೊಳಗೆ ಕೊರೆಯೋ ಬೋರರ್ ಹುಳ ಇರಲ್ವಾ, ಹಾಗೆ. ಪೂರ್ತಿ ತೆಗೆಸಿಬಿಡಿ."

"ಕ್ಯಾನ್ಸರ್ ಆಗೇ ಆಗುತ್ತಾ ಮೇಡಂ?" ಅಂದೆ.

"ಗೊತ್ತಿಲ್ಲ. ಆಗದೇನೂ ಇರಬಹುದು."

ಆಗುತ್ತೆ ಅಂತ ಹೆದರಿಸಿದ್ದರೆ ಅವರ ಕೆಲಸ ಸುಲಭವಾಗುತ್ತಿತ್ತು. ಹಾಗೆ ಮಾಡಲಿಲ್ಲ. ಅಮ್ಮನೋ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ನೋಯದೇ ಇರೋದನ್ನ ಯಾಕೆ ಕೊಯ್ಸೋದು ಅಮ್ಮಾವ್ರೇ? ಕಾದು ನೋಡಾಣ."

"ಕಾದು ನೋಡಾಣ ಅಂತ ಹಿಂದೆ ನಾನೇ ಒಬ್ಬರಿಗೆ ಹೇಳಿದ್ದೆ. ಅವರ ನಾಲಿಗೆ ಹೋಯ್ತು. ಆಮೇಲೆ ಅವರೂ ಹೋದ್ರು. ಆಗ ಈ ಪರೀಕ್ಷೆ ನನ್ನ ಕೈಲಿರ್ಲಿಲ್ಲ." ಅಷ್ಟು ದೊಡ್ಡ ಡಾಕ್ಟರು ನಮ್ಮ ಲೈನ್ ಮನೆಯ ಜಗಲಿಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು.

ಲೆಕ್ಕ ಬರೆಯುವ, ಮಗನ ವಯಸ್ಸಿನ ಎಸ್ಟೇಟ್ ರೈಟರಿಗೂ 'ನೀವು' ಅನ್ನುವ ನನ್ನ ಅಮ್ಮ ಅವರ ಪಕ್ಕ ಹೋಗಿ ಕೂತಳು. "ಅಳಬೇಡ ಮಾರಾಯ್ತಿ. ಕೊಯ್ಸಿಬಿಡು, ಆಯ್ತಾ?" ಅಂದಳು.

ತೆಗೆದ ಮಚ್ಚೆಯ ಒಂದು ಅಂಚಿನಲ್ಲಿ, ಸಾಸಿವೆಯಷ್ಟು ಜಾಗದಲ್ಲಿ, ಕ್ಯಾನ್ಸರ್ ಆಗಲೇ ಶುರುವಾಗಿತ್ತು. ಆಚೆಗೆ ಹರಡಿರಲಿಲ್ಲ. ಅಮ್ಮ ಎಲೆಯಡಿಕೆ ಬಿಟ್ಟಳು. ಡಾಕ್ಟರಮ್ಮನನ್ನು ಬೈದುಕೊಂಡೇ ಬಿಟ್ಟಳು, ಅದು ಬೇರೆ ಮಾತು.

ಈ ವರ್ಷ ಮಳೆ ಹಿಡಿಯುವ ಮುಂಚೆ ಡಾಕ್ಟರಮ್ಮ ಹೃದಯಾಘಾತವಾಗಿ ತೀರಿಕೊಂಡರು. ಕಾಲೇಜಿನಿಂದ ಫೋನು ಬಂದಾಗ ಅಮ್ಮ ಅಕ್ಕಿ ಆರಿಸುತ್ತಿದ್ದಳು. ಹೇಳಿದೆ. ಅಮ್ಮ ಮೊರ ಬದಿಗಿಟ್ಟು, ಚಿಕ್ಕ ಮಕ್ಕಳ ಹಾಗೆ ಬಾಯಿ ದೊಡ್ಡದಾಗಿ ತೆರೆದು ಅತ್ತಳು. ಅವರು ಕಲಿಸಿಹೋದ ಅಭ್ಯಾಸ, ನನ್ನ ಕಣ್ಣಲ್ಲೂ ನೀರು ಇಳಿಯುತ್ತಿದ್ದಂತೆಯೇ ಬಗ್ಗಿ, ಮಚ್ಚೆ ತೆಗೆಸಿದ ಆ ಕೆನ್ನೆಯೊಳಗೆ ನೋಡಿದೆ. ತಿಳಿಗೆಂಪಗೆ, ಚೊಕ್ಕವಾಗಿತ್ತು.